ಫಸಲು ಕಾಣದ ಬಿತ್ತನೆಗಾರ: ಅಬ್ಬೆ ದುಬಾಯ್

ಬೆಂಗಳೂರಿನಿಂದ ಕೃಷ್ಣಗಿರಿಗೆ ಹೋಗುವ ಹೆದ್ದಾರಿಯಲ್ಲಿ ಅತ್ತಿಬೆಲೆ ದಾಟಿದರೆ ಸಿಗುವ ಊರು ಹೊಸೂರು. ಅಲ್ಲಿಂದ ಅಂಗಡಿಗಳ ಹಲಗೆಗಳ ಮೇಲಿನ ಲಿಪಿ ಬದಲಾಗುತ್ತದೆ. ಜನರ ಬಾಯಿಯ ಮಾತು ಮಾತ್ರ ಅಷ್ಟು ಬೇಗ ಬದಲಾಗುವುದಿಲ್ಲ. ಹೊಸೂರು, ತಳಿ, ದೇಂಕಣಿಕೋಟೆಯ ಸುತ್ತಣ ಹಳ್ಳಿಗಳಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸಂತೆಯಲ್ಲಿ ವ್ಯಾಪಾರ ಮಾಡುತ್ತವೆ. ಗಡಿಗೆರೆ ಎಲ್ಲಿಯೇ ಬಿದ್ದರೂ ಮನೆಮಾತು ಮನೆಯೊಳಗೆ ಉಳಿಯುತ್ತದೆ ಎಂಬುದನ್ನು ಕಾಸರಗೋಡಿನ ಕನ್ನಡಿಗರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಹೊಸೂರಿನ ಎತ್ತರದ ನೆಲದಿಂದ ರಸ್ತೆ ಕೆಳಗಿಳಿದರೆ ಕೃಷ್ಣಗಿರಿಯ ಬಯಲು. ಹಿಂದೆ ಈ ಬಯಲು ಸೀಮೆಗೆ ಬಾರಾಮಹಲ್ ಎಂದು ಹೆಸರು. ಮೇಲಿನ ಹೊಸೂರು ಸೀಮೆಯನ್ನು ಬಾಲಾಘಾಟ್ ಎನ್ನುತ್ತಿದ್ದರು. 1792ರ ಶ್ರೀರಂಗಪಟ್ಟಣ ಒಪ್ಪಂದದಂತೆ ಟಿಪ್ಪು ಸುಲ್ತಾನ ಬಾರಾಮಹಲನ್ನು ಇಂಗ್ಲಿಷ್ ಕಂಪೆನಿಗೆ ಬಿಟ್ಟುಕೊಟ್ಟನು. ಹೊಸೂರು ಅವನ ಕೈಯಲ್ಲೇ ಉಳಿಯಿತು. ಹೀಗೆ ಏಳು ವರ್ಷಗಳ ಕಾಲ ಈ ಘಟ್ಟದ ದಾರಿಯೇ ಎರಡು ರಾಜ್ಯಗಳ ಗಡಿಯಾಗಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊಸೂರೂ ಕಂಪೆನಿಯ ಪಾಲಾಯಿತು. ನಮ್ಮ ಬೇಕಲ ಕೋಟೆಯ ಯಜಮಾನರು ಬದಲಾದದ್ದೂ ಅದೇ ವರ್ಷ.

ಗಡಿ ಬಿದ್ದ ಆ 1792ರಲ್ಲಿಯೇ ಫ್ರಾನ್ಸಿನಿಂದ ಇಪ್ಪತ್ತಾರರ ಹರೆಯದ ಒಬ್ಬ ಪಾದ್ರಿ ಹಡಗು ಹತ್ತಿದರು. ಗಡಿ ಅಳಿದ 1799ರಲ್ಲಿ ಅವರು ಮೈಸೂರು ಸೀಮೆಗೆ ಬಂದರು. ಮುಂದೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಕನ್ನಡ ನಾಡಿನ ಹಳ್ಳಿಗಳಲ್ಲಿ ಓಡಾಡಿ, ದೊಡ್ಡ ಸ್ವಾಮಿಯವರು ಎಂದು ಜನರಿಂದ ಕರೆಯಿಸಿಕೊಂಡರು. ಕೊನೆಗೆ ತಾವು ಬಂದ ಕೆಲಸ ಕೈಗೂಡಲಿಲ್ಲ, ಕೈಗೂಡುವಂತೆಯೂ ಇಲ್ಲ ಎಂದು ಬಹಿರಂಗವಾಗಿ ಬರೆದು ಹಿಂತಿರುಗಿದರು. ಅವರೇ ಅಬ್ಬೆ ಜೀನ್ ಆಂಟ್ವಾನ್ ದುಬಾಯ್.

ದುಬಾಯ್ ಎಂದರೆ ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ದಪ್ಪ ಪುಸ್ತಕ ಬರೆದವರು ಎಂದು ಓದುಬರಹ ಬಲ್ಲವರು ನೆನೆಯುತ್ತಾರೆ. ಆದರೆ ಅವರ ಬದುಕನ್ನು ಇನ್ನೊಂದು ಕಡೆಯಿಂದಲೂ ನೋಡಬಹುದು. ನಂಬಿಗಸ್ತನಾಗಿ ಬಾಳಿದವನಿಗೆ ಪರಲೋಕದಲ್ಲಿ ಪ್ರತಿಫಲವಿದೆ ಎಂಬುದು ಕ್ರೈಸ್ತರ ದೃಢವಾದ ನಂಬಿಕೆ. ಊರೂರಿಗೆ ಹೋಗಿ ಆ ಪ್ರತಿಫಲವನ್ನು ಸಾರಿದ ಮನುಷ್ಯನಿಗೆ ತನ್ನ ದುಡಿಮೆಯ ಫಲವೇ ಕಾಣದೆ ಹೋದರೆ ಆ ನಂಬಿಕೆ ಏನು ಹೇಳುತ್ತದೆ? ದುಬಾಯ್ ಅವರ ಕಥೆಯನ್ನು ಇಲ್ಲಿ ಹೇಳುವುದು ಈ ಪ್ರಶ್ನೆಗಾಗಿ.

ಕ್ರಾಂತಿಯ ನಾಡಿನಿಂದ

ದುಬಾಯ್ ಹುಟ್ಟಿದ್ದು 1766ರಲ್ಲಿ, ದಕ್ಷಿಣ ಫ್ರಾನ್ಸಿನ ಸೇಂಟ್ ರೆಮೆಜ್ ಎಂಬ ಹಳ್ಳಿಯಲ್ಲಿ. ಅವರು ಗುರುದೀಕ್ಷೆ ಪಡೆದ 1792ರ ಹೊತ್ತಿಗೆ ಫ್ರಾನ್ಸಿನ ಮಹಾಕ್ರಾಂತಿ ಪಾದ್ರಿಗಳ ಮೇಲೆ ತಿರುಗಿಬಿದ್ದಿತ್ತು. ಹೊಸ ಸರಕಾರಕ್ಕೆ ಪ್ರಮಾಣ ಮಾಡದ ಧರ್ಮಗುರುಗಳಿಗೆ ಸೆರೆಮನೆ ಅಥವಾ ಗಡೀಪಾರು ಕಾದಿತ್ತು. ಆ ವರ್ಷದ ಸೆಪ್ಟೆಂಬರಿನಲ್ಲಿ ಪ್ಯಾರಿಸಿನ ಸೆರೆಮನೆಗಳಲ್ಲಿ ನೂರಾರು ಪಾದ್ರಿಗಳ ಕೊಲೆಯಾಯಿತು. ಅದಕ್ಕೆ ಕೆಲವೇ ತಿಂಗಳ ಮೊದಲು ದುಬಾಯ್ ಪ್ಯಾರಿಸಿನ ವಿದೇಶೀ ಮಿಷನ್ ಸಂಘದ ಪರವಾಗಿ ಪಾಂಡಿಚೇರಿಗೆ ಹೊರಟಿದ್ದರು. ತಾವು ಹೊರಡದೆ ಅಲ್ಲಿಯೇ ಉಳಿದಿದ್ದರೆ ಗೆಳೆಯರಿಗೆ ಆದ ಗತಿಯೇ ತಮಗೂ ಆಗುತ್ತಿತ್ತೆಂದು ಅವರು ಮುಂದೆ ಬರೆದುಕೊಂಡಿದ್ದಾರೆ.

ಮೊದಲ ಕೆಲವು ವರ್ಷ ಅವರು ತಮಿಳು ಸೀಮೆಯಲ್ಲಿ ದುಡಿದರು. ಅಲ್ಲಿ ಒಂದು ವಿಷಯ ಅವರಿಗೆ ಮನದಟ್ಟಾಯಿತು. ಬೂಟು, ಹ್ಯಾಟು ಧರಿಸಿ, ಮಾಂಸ ಮದ್ಯ ಸೇವಿಸುವ ಯುರೋಪಿಯನ್ನನ ಉಪದೇಶವನ್ನು ಹಳ್ಳಿಯ ಮರ್ಯಾದಸ್ಥರು ಕೇಳುವುದಿಲ್ಲ. ಆದ್ದರಿಂದ ಅವರು ಬಿಳಿಯರ ಸಹವಾಸವನ್ನು ಆದಷ್ಟು ದೂರವಿಟ್ಟರು. ದೇಶೀಯರ ನಿಲುವಂಗಿ ತೊಟ್ಟರು, ತಲೆಗೆ ರುಮಾಲು ಸುತ್ತಿದರು, ಊಟ ಉಡಿಗೆ ನಡೆ ನುಡಿಗಳನ್ನೆಲ್ಲ ಬದಲಿಸಿಕೊಂಡರು. ಥಾಮಸ್ ಹಿಕ್ಕಿ ಎಂಬ ಚಿತ್ರಕಾರನು ಬರೆದ ಅವರ ಭಾವಚಿತ್ರದಲ್ಲಿ ಕಾಣುವವರು ರುಮಾಲು ತೊಟ್ಟ ಈ ಸ್ವಾಮಿಯೇ.

ಇದು ದುಬಾಯ್ ತಾವೇ ಹೊಸದಾಗಿ ಕಂಡುಹಿಡಿದ ದಾರಿಯಲ್ಲ. ಅವರಿಗಿಂತ ಒಂದೂವರೆ ಶತಮಾನ ಹಿಂದೆಯೇ ಇಟಲಿಯ ಜೆಸುಯಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಅವರು ಸನ್ಯಾಸಿಯ ವೇಷದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದ್ದರು. ಕನ್ನಡ ಕಲಿತು ಕನ್ನಡದಲ್ಲಿಯೇ ಬರೆದಿದ್ದರು. ಆ ಮಿಷನ್ ರಾಜ್ಯದ ಮೇರೆಗಳ ಜೊತೆಗೆ ಬೆಳೆದು ಸತ್ಯಮಂಗಲ, ಧರ್ಮಪುರಿಗಳ ಕಡೆಗೂ ಹಬ್ಬಿತು. 1773ರಲ್ಲಿ ರೋಮಿನ ಪೋಪರು ಜೆಸುಯಿಟ್ ಸಂಘವನ್ನೇ ರದ್ದುಗೊಳಿಸಿದಾಗ ಅದರ ಹೊಣೆ ಪ್ಯಾರಿಸ್ ಸಂಘದ ಮೇಲೆ ಬಿತ್ತು. ಹೊಸೂರು ಸೀಮೆಯ ಕ್ರೈಸ್ತರಿಗೆ ಮೈಸೂರಿನೊಂದಿಗೆ ಇದ್ದ ಈ ನಂಟು ಬಹುಕಾಲ ಉಳಿಯಿತು. 1930ರಲ್ಲಿ ಸೇಲಂ ಧರ್ಮಪ್ರಾಂತ್ಯ ಏರ್ಪಟ್ಟಾಗ ಅದಕ್ಕೆ ಬೇಕಾದ ಭಾಗಗಳನ್ನು ಪಾಂಡಿಚೇರಿ, ಕುಂಭಕೋಣಗಳ ಜೊತೆಗೆ ಮೈಸೂರು ಧರ್ಮಪ್ರಾಂತ್ಯದಿಂದಲೂ ತೆಗೆಯಲಾಯಿತು. 1997ರಲ್ಲಿ ಸೇಲಂ ಒಡೆದು ಧರ್ಮಪುರಿ ಧರ್ಮಪ್ರಾಂತ್ಯವಾಯಿತು. 2004ರಲ್ಲಿ ಕೃಷ್ಣಗಿರಿ ಬೇರೆ ಜಿಲ್ಲೆಯಾಯಿತು. ಮತ್ತಿಗಿರಿ, ಎಲತ್ತಗಿರಿಗಳ ಇಗರ್ಜಿಗಳಿಗೆ ಇಂದು ಹೋದವರು ಇಷ್ಟೆಲ್ಲ ಗಡಿಗಳು ಅವುಗಳ ಮೇಲೆ ಹಾದುಹೋದುದನ್ನು ನೆನೆಯಬೇಕು.

ಸೆರೆಯಿಂದ ಬಂದವರು

1799ರ ಯುದ್ಧ ಮುಗಿದ ಮೇಲೆ ದುಬಾಯ್ ಅವರಿಗೆ ಮೈಸೂರಿನಿಂದ ಕರೆ ಬಂತು. ಮುಂದೆ ವೆಲಿಂಗ್ಟನ್ ಡ್ಯೂಕನೆಂದು ಹೆಸರಾದ ಕರ್ನಲ್ ವೆಲ್ಲೆಸ್ಲಿಯ ಶಿಫಾರಸು ಇದರ ಹಿಂದೆ ಇತ್ತೆಂದು ಹೇಳುತ್ತಾರೆ. ಟಿಪ್ಪುವಿನ ಕಾಲದಲ್ಲಿ ಬಲವಂತದಿಂದ ಮತ ಬದಲಿಸಿಕೊಂಡಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸಿ, ಚದರಿಹೋದ ಸಭೆಯನ್ನು ಕಟ್ಟುವುದು ಅವರ ಪಾಲಿನ ಕೆಲಸ.

ಈ ಭಾಗ ನಮ್ಮ ಕರಾವಳಿಗೆ ಹತ್ತಿರದ್ದು. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾ ಜಿಲ್ಲೆಯ ಕೆಥೊಲಿಕ್ ಕ್ರೈಸ್ತರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಯುದ್ಧದಲ್ಲಿ ಅವರು ಇಂಗ್ಲಿಷರಿಗೆ ನೆರವಾದರೆಂಬುದು ಅವನ ಆರೋಪ. ದುಬಾಯ್ ಅವರ ಲೆಕ್ಕದಂತೆ ಸೆರೆಸಿಕ್ಕವರು 60,000 ಮಂದಿ; ಇತರರು ಕೊಡುವ ಲೆಕ್ಕಗಳು ಇದಕ್ಕಿಂತ ಹೆಚ್ಚೂ ಇವೆ, ಕಡಿಮೆಯೂ ಇವೆ. ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಬಹಳ. ಬದುಕಿದವರಲ್ಲಿ ಅನೇಕರು 1799ರ ನಂತರ ಮಂಗಳೂರು ಕಡೆಗೆ ನಡೆದು ಬಂದು, ಹಾಳುಬಿದ್ದ ಹೊಲಮನೆಗಳನ್ನು ಮತ್ತೆ ಎಬ್ಬಿಸಿದರು. ಹಾಗೆ ಹಿಂತಿರುಗಿದ ಹಿರಿಯರ ಕಥೆ ಇಂದಿಗೂ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಮಕ್ಕಳಿಗೆ ಹೇಳುವ ಕಥೆಯಾಗಿದೆ.

ಮೈಸೂರು ಸೀಮೆಯಲ್ಲಿ ಸುಮಾರು 1,800 ಮಂದಿಯನ್ನು ದುಬಾಯ್ ಮತ್ತೆ ಸಭೆಗೆ ಸೇರಿಸಿಕೊಂಡರೆಂದು ಲೆಕ್ಕ. ಹಾಗೆಂದು ಅವರು ಈ ಜನರ ಬಗ್ಗೆ ಮೃದುವಾಗಿ ಬರೆದವರಲ್ಲ. ಅಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ತನ್ನ ನಂಬಿಕೆಗಾಗಿ ಪ್ರಾಣ ಕೊಡಲಿಲ್ಲವಲ್ಲ, ಇದೆಂಥ ನಾಚಿಕೆ ಎಂದು ಅವರು ತಮ್ಮ ಪತ್ರಗಳಲ್ಲಿ ಕಟುವಾಗಿ ಬರೆದಿದ್ದಾರೆ. ಕ್ರಾಂತಿಯ ಕತ್ತಿಯಿಂದ ತಾವೇ ತಪ್ಪಿಸಿಕೊಂಡು ಬಂದವರು ಹೀಗೆ ಬರೆದದ್ದು ಓದುಗರಿಗೆ ಸ್ವಲ್ಪ ಕಷ್ಟವಾಗಬಹುದು. ಲೇಖನಿ ಹಿಡಿದಾಗ ಅವರು ತೋರಿಸಿದ್ದು ಈ ಕಠೋರತೆ. ಮನುಷ್ಯರು ಎದುರಿಗೆ ಬಂದು ನಿಂತಾಗ ಮಾತ್ರ ಅವರು ಬಾಗಿಲು ಮುಚ್ಚಲಿಲ್ಲ.

ಕ್ರೈಸ್ತ ಧರ್ಮದಲ್ಲಿ ಇಂಥ ಸಂದರ್ಭಕ್ಕೆ ಒಂದು ದೃಷ್ಟಾಂತವಿದೆ. ದ್ರಾಕ್ಷಿ ತೋಟದ ಯಜಮಾನನೊಬ್ಬ ಬೆಳಗ್ಗೆ ಕೆಲವರನ್ನು ಕೂಲಿಗೆ ಕರೆದ. ಮಧ್ಯಾಹ್ನ ಇನ್ನು ಕೆಲವರನ್ನು. ಹೊತ್ತು ಮುಳುಗಲು ಒಂದು ತಾಸು ಇರುವಾಗ ಮತ್ತೆ ಕೆಲವರನ್ನು. ಸಂಜೆ ಎಲ್ಲರಿಗೂ ಒಂದೇ ಕೂಲಿ ಕೊಟ್ಟ. ಬೆಳಗಿನವರು ಗೊಣಗಿದರು. ಮಾತಾಡಿದ ಕೂಲಿ ನಿಮಗೆ ಸಿಕ್ಕಿದೆ, ನನ್ನ ಔದಾರ್ಯ ಕಂಡು ನಿಮಗೇಕೆ ಹೊಟ್ಟೆಕಿಚ್ಚು ಎಂಬುದು ಯಜಮಾನನ ಉತ್ತರ. ಯೇಸು ಕ್ರಿಸ್ತರು ಹೇಳಿದ ಈ ಕಥೆ ಮತ್ತಾಯನ ಸುವಾರ್ತೆಯಲ್ಲಿದೆ. ಹೊಲದ ಕೆಲಸ ಬಲ್ಲ ನಮ್ಮ ಜನಕ್ಕೆ ಇದು ಮೊದಲು ಕೇಳಿದಾಗ ಅನ್ಯಾಯವೆಂದೇ ಕಾಣುತ್ತದೆ. ಆದರೆ ಸೆರೆಯಲ್ಲಿ ಹದಿನೈದು ವರ್ಷ ಕಳೆದು ಸಂಜೆಯ ಹೊತ್ತಿಗೆ ಹಿಂತಿರುಗಿದವರ ಪಾಲಿಗೆ ಇದಕ್ಕಿಂತ ದೊಡ್ಡ ಸಮಾಧಾನ ಇರಲಾರದು. ಅವರು ತಮ್ಮ ಅಂಜಿಕೆಯನ್ನೂ ಹೊತ್ತುಕೊಂಡೇ ಬಂದಿದ್ದರು. ಕೂಲಿ ಕಡಿಮೆಯೆಂದು ಅವರಿಗೆ ಯಾರೂ ಹೇಳುವಂತಿರಲಿಲ್ಲ.

ದಾಕು ಹಾಕಿಸಿದ ಸ್ವಾಮಿ

ಮೈಸೂರಿನಲ್ಲಿ ದುಬಾಯ್ ಮಾಡಿದ ಕೆಲಸಗಳಲ್ಲಿ ಎರಡನ್ನು ವಿಶೇಷವಾಗಿ ಹೇಳಬೇಕು. ಒಂದು, ನೆಲೆಯಿಲ್ಲದ ಕ್ರೈಸ್ತ ಕುಟುಂಬಗಳನ್ನು ಹೊಲಗದ್ದೆಗಳ ಮೇಲೆ ನೆಲೆಗೊಳಿಸಿದ್ದು. ಹಾಸನದ ಬಳಿಯ ಸಾತಳ್ಳಿಯ ರೈತ ಕ್ರೈಸ್ತ ನೆಲೆ ಅವರು ಕಟ್ಟಿದ್ದು. ಅಲ್ಲಿಯ ಜನ ತಮ್ಮ ಜಾತಿಯ ಎಷ್ಟೋ ಪದ್ಧತಿಗಳನ್ನು ಉಳಿಸಿಕೊಂಡೇ ಕ್ರೈಸ್ತರಾಗಿ ಬಾಳಿದರು. ಅವರು ಹೋಗಿ ಎಷ್ಟೋ ಕಾಲವಾದ ಮೇಲೂ ಆ ಕಡೆ ದೊಡ್ಡ ಸ್ವಾಮಿಯವರ ಹೆಸರು ಜನರ ಬಾಯಲ್ಲಿತ್ತು.

ಎರಡನೆಯದು ಸಿಡುಬಿನ ದಾಕು. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರನು 1796ರಲ್ಲಿ ಕಂಡುಹಿಡಿದ ಗೋಸಿಡುಬಿನ ದಾಕು ಭಾರತವನ್ನು ಮುಟ್ಟಿದ್ದು 1802ರ ಜೂನ್ ತಿಂಗಳಿನಲ್ಲಿ. ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಅದು ಮೊದಲು ಹತ್ತಿತು. ಆಗ ಔಷಧವನ್ನು ತಣ್ಣಗೆ ಕಾಪಾಡುವ ಪೆಟ್ಟಿಗೆಗಳಿರಲಿಲ್ಲ. ದಾಕು ಹಾಕಿಸಿಕೊಂಡವನ ತೋಳಿನ ಗುಳ್ಳೆ ಸುಮಾರು ಎಂಟನೆಯ ದಿನ ಹದಕ್ಕೆ ಬರುತ್ತದೆ. ಅದರೊಳಗಿನ ನೀರನ್ನು ತೆಗೆದು ಇನ್ನೊಬ್ಬನ ತೋಳಿಗೆ ಗೀರಿ ಹಚ್ಚಬೇಕು. ಅವನ ತೋಳಿನಿಂದ ಮತ್ತೊಬ್ಬನಿಗೆ. ಒಂದು ವಾರ ಜನ ಸಿಗದಿದ್ದರೆ ಸರಪಳಿ ಹರಿಯಿತು, ದಾಕೂ ಹೋಯಿತು.

ಇಂಥ ಕೆಲಸಕ್ಕೆ ಜನರನ್ನು ಒಪ್ಪಿಸುವುದು ಸುಲಭವಲ್ಲ. ಸಿಡುಬನ್ನು ಅಮ್ಮ ಎಂದು ಕರೆದು, ಬೇವಿನ ಸೊಪ್ಪು ಕಟ್ಟಿ, ಮನೆಗೆ ಬಂದ ದೇವಿಯೆಂದು ನಡೆದುಕೊಳ್ಳುವ ಜನ ನಮ್ಮವರು. ದೇವಿಗೆ ಅಡ್ಡ ಬರಬಾರದೆಂಬ ಭಯ ಒಂದು ಕಡೆ. ಯಾವ ಜಾತಿಯವನ ತೋಳಿನ ನೀರು ನನ್ನ ಮೈಸೇರಿತೋ ಎಂಬ ಅಳುಕು ಇನ್ನೊಂದು ಕಡೆ. ಸರಕಾರಿ ವೈದ್ಯ ಬಂದು ಆಜ್ಞೆ ಮಾಡಿದರೆ ಬಾಗಿಲು ಹಾಕಿಕೊಳ್ಳುವವರ ಎದುರಿಗೆ, ಅವರಂತೆಯೇ ಉಟ್ಟು ಉಂಡು ಅವರ ಮಾತನ್ನೇ ಆಡುವ ಸ್ವಾಮಿಯೊಬ್ಬರು ನಿಂತರೆ ಆಗುವ ಪರಿಣಾಮ ಬೇರೆ. 1803-04ರ ಅವಧಿಯಲ್ಲಿ ದುಬಾಯ್ ಅವರ ಮೂಲಕ ದಾಕು ಹಾಕಿಸಿಕೊಂಡವರ ಸಂಖ್ಯೆ 25,432 ಎಂದು ದಾಖಲೆಯಾಗಿದೆ. ಅದೇ ಕಾಲಕ್ಕೆ ಮೈಸೂರು ಅರಮನೆಯೂ ದಾಕಿಗೆ ಬೆಂಬಲ ಕೊಟ್ಟಿತು.

ಇಪ್ಪತ್ತೈದು ಸಾವಿರ ಎಂದರೆ ಆ ಕಾಲಕ್ಕೆ ಸಣ್ಣ ಪಟ್ಟಣವೊಂದರ ಜನ. ಅವರಲ್ಲಿ ಹೆಚ್ಚಿನವರು ಕ್ರೈಸ್ತರಾಗಿರಲಿಲ್ಲ, ಆಮೇಲೆ ಆಗಲೂ ಇಲ್ಲ. ಮಿಷನ್ನಿನ ಫಸಲಿನ ಲೆಕ್ಕಕ್ಕೆ ಅವರು ಬರುವವರಲ್ಲ.

ಗ್ರಂಥದ ಕೀರ್ತಿ, ಗ್ರಂಥದ ಋಣ

ದುಬಾಯ್ ಅವರ ಹೆಸರು ಜಗತ್ತಿಗೆ ತಿಳಿದದ್ದು ಗ್ರಂಥದಿಂದ. ಹಿಂದೂಗಳ ಆಚಾರ, ಪದ್ಧತಿ, ವಿಧಿಗಳ ಬಗ್ಗೆ ಫ್ರೆಂಚಿನಲ್ಲಿ ಬರೆದ ಹಸ್ತಪ್ರತಿಯನ್ನು ಅವರು 1806ರಲ್ಲಿ ಮೈಸೂರಿನ ರೆಸಿಡೆಂಟರಾದ ಮಾರ್ಕ್ ವಿಲ್ಕ್ಸ್ ಅವರ ಕೈಗೆ ಕೊಟ್ಟರು. ಮದ್ರಾಸು ಗವರ್ನರಾಗಿದ್ದ ಲಾರ್ಡ್ ವಿಲಿಯಂ ಬೆಂಟಿಂಕ್ ಅದನ್ನು ಮೆಚ್ಚಿ ಕಂಪೆನಿಯ ಪರವಾಗಿ 2,000 ವರಹಗಳಿಗೆ ಕೊಳ್ಳಿಸಿದನು. 1816ರಲ್ಲಿ ಇಂಗ್ಲಿಷ್ ಅನುವಾದ ಲಂಡನಿನಲ್ಲಿ ಪ್ರಕಟವಾಯಿತು. ಅವರೇ ತಿದ್ದಿ ಬೆಳೆಸಿದ ಪಾಠ 1825ರಲ್ಲಿ ಪ್ಯಾರಿಸಿನಲ್ಲಿ ಫ್ರೆಂಚಿನಲ್ಲಿಯೂ, 1897ರಲ್ಲಿ ಬೋಚಾಂಪ್ ಎಂಬವರ ಸಂಪಾದನೆಯಲ್ಲಿ ಇಂಗ್ಲಿಷಿನಲ್ಲಿಯೂ ಬಂತು. ಕಂಪೆನಿಯ ಅಧಿಕಾರಿಗಳಿಗೆ ಅದು ಬಹುಕಾಲ ಕೈಪಿಡಿಯಾಗಿತ್ತು.

ಗ್ರಂಥದಲ್ಲಿ ಹತ್ತಿರದಿಂದ ಕಂಡ ವಿವರಗಳು ಬಹಳ ಇವೆ. ಒಪ್ಪಲಾಗದ ಮಾತುಗಳೂ ಬಹಳ ಇವೆ. ಜಾತಿಪದ್ಧತಿ ಈ ದೇಶವನ್ನು ಕಾಪಾಡಿದ ಕಟ್ಟು ಎಂದು ಅವರು ಸಮರ್ಥಿಸಿದರು. ಅಸ್ಪೃಶ್ಯರೆನಿಸಿಕೊಂಡವರ ಬಗ್ಗೆ ತಿರಸ್ಕಾರದಿಂದ ಬರೆದರು. ಮೇಲ್ಜಾತಿಯ ಗುರುವಿನಂತೆ ಬಾಳಲು ಹೊರಟವರ ಕಣ್ಣಿಗೆ ಮೇಲ್ಜಾತಿಯ ಕನ್ನಡಕವೂ ಬಂದಿತ್ತು.

ಇನ್ನೊಂದು ಸಂಗತಿ ಬಹಳ ತಡವಾಗಿ ಹೊರಬಿತ್ತು. ಗ್ರಂಥದ ದೊಡ್ಡ ಭಾಗಕ್ಕೆ ಮೂಲ, ಅವರಿಗಿಂತ ಮುಂಚಿನ ಜೆಸುಯಿಟ್ ಪಾದ್ರಿ ಗಾಸ್ತೋಂ ಲೊರಾಂ ಕೂರ್ದು ಅವರು ಬರೆದಿಟ್ಟಿದ್ದ ಹಸ್ತಪ್ರತಿ ಎಂಬುದನ್ನು ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ 1987ರಲ್ಲಿ ಸಾಧಾರವಾಗಿ ತೋರಿಸಿದರು. ದುಬಾಯ್ ಅದನ್ನು ಬಳಸಿಕೊಂಡರು. ಹೆಸರು ಮಾತ್ರ ಹೇಳಲಿಲ್ಲ. ಕೂರ್ದು 1779ರಲ್ಲಿ ಪಾಂಡಿಚೇರಿಯಲ್ಲಿ ತೀರಿಕೊಂಡಿದ್ದರು. ಸಂಸ್ಕೃತಕ್ಕೂ ಗ್ರೀಕ್, ಲ್ಯಾಟಿನ್ ಭಾಷೆಗಳಿಗೂ ನಂಟಿದೆ ಎಂದು 1760ರ ದಶಕದಲ್ಲಿಯೇ ಫ್ರಾನ್ಸಿನ ವಿದ್ವತ್ಸಭೆಗೆ ಬರೆದವರು ಅವರು. ಆ ಪತ್ರ ಅಚ್ಚಾದದ್ದು 1808ರಲ್ಲಿ. ಅಷ್ಟರಲ್ಲಿ ಸರ್ ವಿಲಿಯಂ ಜೋನ್ಸನಿಗೆ ಆ ಕೀರ್ತಿ ಸಂದಿತ್ತು. ಹೀಗೆ ಎರಡು ಬಾರಿ ಆ ಮುದುಕ ಪಾದ್ರಿಯ ಕೂಲಿ ಬೇರೆಯವರ ಕೈ ಸೇರಿತು.

ದಾನ ಮಾಡುವಾಗ ಬಲಗೈ ಮಾಡಿದ್ದು ಎಡಗೈಗೂ ತಿಳಿಯಬಾರದು, ಗುಟ್ಟಿನಲ್ಲಿ ನೋಡುವ ದೇವರು ಅದಕ್ಕೆ ಪ್ರತಿಫಲ ಕೊಡುತ್ತಾನೆ ಎಂಬುದು ಕ್ರಿಸ್ತರ ಬೋಧನೆ. ಜನರ ಮೆಚ್ಚುಗೆಗಾಗಿ ಮಾಡಿದವನಿಗೆ ಆ ಮೆಚ್ಚುಗೆಯೇ ಕೂಲಿ. ಅವನ ಲೆಕ್ಕ ಅಲ್ಲಿಗೆ ಮುಗಿಯಿತು. ಈ ಮಾತಿನ ಪ್ರಕಾರ ನೋಡಿದರೆ ಗ್ರಂಥದ ಕೂಲಿಯನ್ನು ದುಬಾಯ್ ವರಹಗಳಲ್ಲಿಯೂ ಕೀರ್ತಿಯಲ್ಲಿಯೂ ಪಡೆದುಕೊಂಡರು. ಕೂರ್ದು ಅವರ ಕೂಲಿ ಬಾಕಿ ಉಳಿಯಿತು. ಕ್ರೈಸ್ತ ನಂಬಿಕೆಯಂತೆ ಆ ಬಾಕಿ ಮುಳುಗಿಹೋಗುವ ಬಾಕಿಯಲ್ಲ.

ಕೈ ಚೆಲ್ಲಿದ ದಿನ

1823ರ ಜನವರಿಯಲ್ಲಿ ದುಬಾಯ್ ಭಾರತ ಬಿಟ್ಟರು. ಕಂಪೆನಿ ಅವರಿಗೆ ನಿವೃತ್ತಿ ವೇತನ ಕೊಟ್ಟಿತು. ಅದೇ ವರ್ಷ ಲಂಡನಿನಲ್ಲಿ ಅವರ ಇನ್ನೊಂದು ಪುಸ್ತಕ ಬಂತು. ಭಾರತದಲ್ಲಿ ಕ್ರೈಸ್ತ ಧರ್ಮದ ಸ್ಥಿತಿಯ ಬಗ್ಗೆ ಬರೆದ ಪತ್ರಗಳು ಅದರಲ್ಲಿವೆ. ಇಪ್ಪತ್ತೈದು ವರ್ಷಗಳ ದುಡಿಮೆಯಲ್ಲಿ, ದೇಶೀಯ ಪಾದ್ರಿಯೊಬ್ಬರ ನೆರವಿದ್ದೂ, ತಾವು ಮತಕ್ಕೆ ತಂದವರು ಇನ್ನೂರರಿಂದ ಮುನ್ನೂರು ಮಂದಿ ಮಾತ್ರ ಎಂದು ಅವರು ಅದರಲ್ಲಿ ಒಪ್ಪಿಕೊಂಡರು. ಅವರಲ್ಲಿಯೂ ಬಹುಮಂದಿ ಹೊಟ್ಟೆಪಾಡಿಗಾಗಿ, ಮದುವೆಗಾಗಿ, ಬೇರೆ ಲಾಭಕ್ಕಾಗಿ ಬಂದವರು. ಎಷ್ಟೋ ಜನ ಹಿಂತಿರುಗಿಯೂ ಹೋದರು. ಇಂದಿನ ಸ್ಥಿತಿಯಲ್ಲಿ ಹಿಂದೂಗಳನ್ನು ಮತಾಂತರಿಸುವ ಆಸೆ ವ್ಯರ್ಥ ಎಂಬುದು ಅವರ ತೀರ್ಮಾನ. ಅವಸರದಿಂದ ಮಾಡಿದ ಬೈಬಲ್ ಅನುವಾದಗಳ ಭಾಷೆಯನ್ನೂ ಅವರು ಹಳಿದರು.

ಇದು ಇಂಗ್ಲೆಂಡಿನ ಮಿಷನರಿ ಸಂಘಗಳನ್ನು ಕೆರಳಿಸಿತು. ಜೇಮ್ಸ್ ಹೌ, ಹೆನ್ರಿ ಟೌನ್ಲಿ ಎಂಬ ಪಾದ್ರಿಗಳು 1824ರಲ್ಲಿಯೇ ಪ್ರತ್ಯುತ್ತರದ ಪುಸ್ತಕಗಳನ್ನು ಬರೆದರು. ದುಬಾಯ್ ಅವರಿಗೆ ನಂಬಿಕೆ ಸಾಲದು ಎಂದರು ಕೆಲವರು. ಕೆಥೊಲಿಕ್ ವಿಧಾನವೇ ತಪ್ಪು ಎಂದರು ಇನ್ನು ಕೆಲವರು. ಒಂದನ್ನು ಮಾತ್ರ ಯಾರೂ ಅಲ್ಲಗಳೆಯುವಂತಿರಲಿಲ್ಲ. ತಮ್ಮ ಸೋಲಿನ ಲೆಕ್ಕವನ್ನು ಅಂಕಿ ಸಹಿತ ಊರಿಗೆಲ್ಲ ಓದಿ ಹೇಳಿದ ಮಿಷನರಿಗಳು ಬಹಳ ಇಲ್ಲ. ವರದಿಗಳಲ್ಲಿ ಫಸಲು ಹೆಚ್ಚಿಸಿ ಬರೆಯುವುದು ಆಗಲೂ ಕಷ್ಟದ ಕೆಲಸವಾಗಿರಲಿಲ್ಲ.

ಪ್ಯಾರಿಸಿಗೆ ಹಿಂತಿರುಗಿದ ದುಬಾಯ್ ತಮ್ಮ ಸಂಘದ ಗುರುಮಠದಲ್ಲಿಯೇ ನೆಲೆಸಿದರು. ಇದು ಗಮನಿಸಬೇಕಾದ ವಿಷಯ. ಬೆಳೆ ಬರುವುದಿಲ್ಲ ಎಂದು ಬರೆದವರು ಬಿತ್ತನೆಗಾರರನ್ನು ತಯಾರು ಮಾಡುವ ಶಾಲೆಗೇ ಹೋಗಿ ಸೇರಿದರು. 1836ರಿಂದ 1839ರ ವರೆಗೆ ಅದರ ಮುಖ್ಯಸ್ಥರೂ ಆಗಿದ್ದರು. 1826ರಲ್ಲಿ ಪಂಚತಂತ್ರದ ಕಥೆಗಳನ್ನು ಫ್ರೆಂಚಿನಲ್ಲಿ ಪ್ರಕಟಿಸಿದರು. 1848ರ ಫೆಬ್ರವರಿ 17ರಂದು, ಎಂಬತ್ತೆರಡನೆಯ ವಯಸ್ಸಿನಲ್ಲಿ, ಪ್ಯಾರಿಸಿನಲ್ಲಿ ತೀರಿಕೊಂಡರು. ಭಾರತವನ್ನು ಅವರು ಮತ್ತೆ ಕಾಣಲಿಲ್ಲ.

ಅವರು ಬದುಕಿರುವಾಗಲೇ ನಮ್ಮ ಕರಾವಳಿಯಲ್ಲಿ ಬೇರೊಂದು ಕೆಲಸ ಆರಂಭವಾಗಿತ್ತು. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಅವರು ಮಂಗಳೂರ ಸಮಾಚಾರವನ್ನು ಹೊರಡಿಸಿದರು. ಕನ್ನಡ ಪತ್ರಿಕೆಗಳ ವಂಶಾವಳಿ ಶುರುವಾಗುವುದು ಅಲ್ಲಿಂದ. ಮತಾಂತರದ ಲೆಕ್ಕದಲ್ಲಿ ಅವರದೂ ದೊಡ್ಡ ಫಸಲೇನಲ್ಲ. ಆದರೆ ಶಾಲೆ, ಮುದ್ರಣಾಲಯ, ಹಂಚಿನ ಕಾರ್ಖಾನೆ, 1894ರ ಕಿಟೆಲ್ ನಿಘಂಟು ಇವೆಲ್ಲ ಆ ಹೊಲದ ಬದುವಿನಲ್ಲಿ ಬೆಳೆದವು.

ಪ್ರತಿಫಲದ ಲೆಕ್ಕ

ಹಾಗಾದರೆ ಸ್ವರ್ಗದ ಪ್ರತಿಫಲ ಎಂದರೆ ಕ್ರೈಸ್ತರು ಏನನ್ನು ಹೇಳುತ್ತಾರೆ? ಇದನ್ನು ವ್ಯಾಪಾರದಂತೆ ತಿಳಿಯುವವರು ಹೊರಗೂ ಇದ್ದಾರೆ, ಒಳಗೂ ಇದ್ದಾರೆ. ಇಷ್ಟು ಪುಣ್ಯ ಹಾಕಿದರೆ ಅಷ್ಟು ಸುಖ ಎಂಬ ಲೆಕ್ಕ ಅದು. ಸಭೆಯ ಪಂಡಿತರು ಅದನ್ನು ಒಪ್ಪಲಿಲ್ಲ. ದೇವರು ಮನುಷ್ಯನ ಪುಣ್ಯಕ್ಕೆ ಕಿರೀಟವಿಡುವಾಗ ತಾನೇ ಕೊಟ್ಟ ವರಕ್ಕೆ ಕಿರೀಟವಿಡುತ್ತಾನೆ ಎಂಬ ಅರ್ಥದಲ್ಲಿ ಸಂತ ಅಗಸ್ಟೀನರು ಐದನೆಯ ಶತಮಾನದಲ್ಲಿಯೇ ಬರೆದರು. ಹದಿನಾರನೆಯ ಶತಮಾನದಲ್ಲಿ ಇದೇ ವಿಷಯಕ್ಕೆ ದೊಡ್ಡ ಜಗಳವಾಯಿತು. ಮೋಕ್ಷ ಕೇವಲ ನಂಬಿಕೆಯಿಂದ ದೊರೆಯುವ ಕೃಪೆ ಎಂದು ಲೂಥರ್ ಸಾರಿದನು. ಕೆಥೊಲಿಕ್ ಸಭೆ 1547ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ಉತ್ತರ ಕೊಟ್ಟಿತು: ನಿತ್ಯಜೀವ ಕೃಪೆಯೂ ಹೌದು, ಕೃಪೆಯಲ್ಲಿ ನಿಂತು ಮಾಡಿದ ಸತ್ಕಾರ್ಯಕ್ಕೆ ಪ್ರತಿಫಲವೂ ಹೌದು. ಜಗಳವೇನೇ ಇರಲಿ, ಒಂದು ಮಾತಿನಲ್ಲಿ ಎರಡೂ ಕಡೆಯವರು ಒಂದಾಗುತ್ತಾರೆ. ಯಜಮಾನನು ಆಳನ್ನು ಕೇಳುವುದು ನೀನು ನಂಬಿಗಸ್ತನಾಗಿದ್ದೆಯೋ ಎಂದು. ಎಷ್ಟು ಗಳಿಸಿದೆ ಎಂಬುದು ಅದರ ಹಿಂದಿನ ಮಾತು. ಕೊಟ್ಟ ಹಣದಿಂದ ಐದು ಗಳಿಸಿದವನಿಗೂ ಎರಡು ಗಳಿಸಿದವನಿಗೂ ಸಿಕ್ಕ ಮೆಚ್ಚುಗೆ ಒಂದೇ ಎಂದು ಸುವಾರ್ತೆಯ ದೃಷ್ಟಾಂತ ಹೇಳುತ್ತದೆ. ದಂಡನೆ ಸಿಕ್ಕಿದ್ದು ಹೆದರಿ ಹಣವನ್ನು ಮಣ್ಣಿನಲ್ಲಿ ಹೂತಿಟ್ಟವನಿಗೆ.

ಫಲದ ಮೇಲೆ ಕಣ್ಣಿಡದೆ ಕರ್ಮ ಮಾಡು ಎಂದು ಕೇಳಿ ಬೆಳೆದ ನಮಗೆ ಈ ಮಾತು ತೀರ ಹೊರಗಿನದೆನಿಸದು. ವ್ಯತ್ಯಾಸವೂ ಇದೆ. ಫಲದ ಆಸೆಯನ್ನೇ ಬಿಡು ಎಂದು ಕ್ರೈಸ್ತರು ಹೇಳುವುದಿಲ್ಲ. ಫಲವನ್ನು ಅಳೆಯುವ ಕೊಳಗ ನಿನ್ನ ಕೈಯಲ್ಲಿಲ್ಲ ಎನ್ನುತ್ತಾರೆ. ಬಾಯಾರಿದ ಬಡವನಿಗೆ ಕೊಟ್ಟ ಒಂದು ಲೋಟ ತಣ್ಣೀರಿಗೂ ಪ್ರತಿಫಲ ತಪ್ಪದು ಎಂಬ ಮಾತು ಅವರ ಗ್ರಂಥದಲ್ಲಿದೆ. ಕೊಟ್ಟವನೇ ಮರೆತಿರುವಷ್ಟು ಚಿಕ್ಕ ಕೆಲಸ ಅದು.

ಈ ಕೊಳಗದಿಂದ ಅಳೆದರೆ ದುಬಾಯ್ ಅವರ ಬದುಕು ಬೇರೆಯಾಗಿ ಕಾಣುತ್ತದೆ. ಅವರು ತಮ್ಮ ಫಸಲೆಂದು ಎಣಿಸಿದ್ದು ಮುನ್ನೂರು ತಲೆಗಳನ್ನು, ಎಣಿಸಿ ನಿರಾಶರಾದರು. ಫಸಲೆಂದು ಎಣಿಸದೆ ಬಿಟ್ಟದ್ದು 25,432 ತೋಳುಗಳನ್ನು, ಸಾತಳ್ಳಿಯ ಹೊಲಗಳನ್ನು, ಸೆರೆಯಿಂದ ಬಂದು ಬಾಗಿಲು ತಟ್ಟಿದವರನ್ನು. ಹಾಗೆಯೇ, ತಮ್ಮದೆಂದು ಹೇಳಿಕೊಂಡ ಗ್ರಂಥದಲ್ಲಿ ಇನ್ನೊಬ್ಬರ ಪಾಲು ಇತ್ತು. ಅವರನ್ನು ಸಂತರೆಂದು ಯಾರೂ ಸಾರಿಲ್ಲ. ಸಾರುವ ಅಗತ್ಯವೂ ಇಲ್ಲ. ಕಠೋರತೆ, ಜಾತಿಯ ಹಮ್ಮು, ಮುಚ್ಚಿಟ್ಟ ಋಣ ಇವೆಲ್ಲ ಅವರ ಖಾತೆಯಲ್ಲಿ ಇವೆ. ಆದರೂ ಕೊಟ್ಟ ಹೊಲದಲ್ಲಿ ಮೂವತ್ತು ವರ್ಷ ನಿಂತರು; ಬೆಳೆ ಕಾಣದಾಗ ಸುಳ್ಳು ಲೆಕ್ಕ ಬರೆಯಲಿಲ್ಲ.

ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. 1980ರ ಮೇ ತಿಂಗಳಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ರೋಗ ಲೋಕದಿಂದಲೇ ಹೋಯಿತೆಂದು ಘೋಷಿಸಿತು. ನಮ್ಮಲ್ಲಿ ಐವತ್ತು ದಾಟಿದವರ ತೋಳಿನ ಮೇಲೆ ದಾಕಿನ ಕಲೆ ಇನ್ನೂ ಇದೆ. ಅವರ ಮಕ್ಕಳ ತೋಳಿನ ಮೇಲೆ ಅದು ಇಲ್ಲ, ಬೇಕಾಗಲೂ ಇಲ್ಲ. ಮೈಸೂರು ಸೀಮೆಯ ಯಾವುದೋ ಹಳ್ಳಿಯ ಜಗಲಿಯಲ್ಲಿ, ಹೆದರಿದ ತಾಯಿಯೊಬ್ಬಳನ್ನು ಅವಳ ಮಾತಿನಲ್ಲೇ ಒಪ್ಪಿಸಿ, ಮಗುವಿನ ತೋಳು ಹಿಡಿದು ಕುಳಿತ ರುಮಾಲಿನ ಸ್ವಾಮಿಗೆ ಇದು ಗೊತ್ತಿರಲಿಲ್ಲ. ಅವರು ನಂಬಿದ ದೇವರ ಪುಸ್ತಕದಲ್ಲಿ ಅದು ಬರೆದಿರುತ್ತದೆ ಎಂಬುದು ಅವರ ಧರ್ಮದವರ ವಿಶ್ವಾಸ. ಬೇರೆ ಧರ್ಮದವರಾದ ನಾವು ಆ ಮಗುವಿನ ಕಡೆಯಿಂದ ಒಂದು ನಮಸ್ಕಾರ ಹೇಳಿದರೆ ಸಾಕು.